ರೂಪದರ್ಶಿಯಿಂದ ನಟಿಯವರೆಗೆ: ಡಯಾನ್ ಕ್ಯಾರೊಲ್
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಸಂಘದ ಈ ಶುಭಸಂದರ್ಭದಲ್ಲಿ ದೂರದ ಅಮೆರಿಕೆಯ ನಟಿಯೊಬ್ಬರ ವಿಚಾರವೇಕೆ ಎಂದು ತಮ್ಮಲ್ಲಿ ಕೆಲವರು ಹುಬ್ಬೇರಿಸಬಹುದು. ಸಂಜೆಯ ದೀಪ ಹಚ್ಚುವ ಹೊತ್ತಿಗೆ ನಮ್ಮ ಮನೆಗಳಲ್ಲಿ ದೂರದರ್ಶನದ ಪೆಟ್ಟಿಗೆಯೂ ಬೆಳಗುತ್ತದೆ. ಅದರಲ್ಲಿ ಕಾಣುವ ಹೆಣ್ಣುಮಕ್ಕಳ ಚೆಲುವನ್ನೂ ವಸ್ತ್ರಾಭರಣಗಳನ್ನೂ ನಾವು ನೋಡುತ್ತೇವೆ; ಅವರ ಶ್ರಮವನ್ನು ಕಾಣೆವು. ಅಲ್ಲಿ ಯಾರಿಗೆ ಎಂಥ ಸ್ಥಾನ ದೊರೆತಿದೆಯೆಂದೂ ವಿಚಾರಿಸೆವು. ಇವೆರಡನ್ನೂ ಅರಿಯಲು ಡಯಾನ್ ಕ್ಯಾರೊಲ್ ಅವರ ಬಾಳು ಒಳ್ಳೆಯ ನಿದರ್ಶನ.

ಆಕೆ 1935ರ ಜುಲೈ 17ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಕಪ್ಪು ಜನಾಂಗದ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ನೆಲದಡಿಯ ರೈಲಿನಲ್ಲಿ ಕಂಡಕ್ಟರು, ತಾಯಿ ದಾದಿ. ಬೆಳೆದುದು ಹಾರ್ಲೆಮ್‌ನಲ್ಲಿ. ಹದಿನೈದರ ಪ್ರಾಯದಲ್ಲಿಯೇ 'ಎಬೊನಿ' ಪತ್ರಿಕೆಗೆ ರೂಪದರ್ಶಿಯಾದರು. ಕಪ್ಪು ಜನರ ಬಾಳನ್ನು ಗೌರವದಿಂದ ತೋರಿಸಲೆಂದು 1945ರಲ್ಲಿ ಹುಟ್ಟಿದ ಪತ್ರಿಕೆ ಅದು. ಮುಂದೆ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ವ್ಯಾಸಂಗಕ್ಕೆ ಸೇರಿದ ಆಕೆ, ಎರಡು ವರ್ಷಗಳಲ್ಲಿ ಕಲೆ ಕೈಹಿಡಿಯದಿದ್ದರೆ ಓದಿಗೆ ಮರಳುವೆನೆಂದು ಮನೆಯವರಿಗೆ ಮಾತು ಕೊಟ್ಟು ರಂಗಕ್ಕೆ ಬಂದರು. ಮರಳುವ ಪ್ರಸಂಗ ಒದಗಲಿಲ್ಲ. 1954ರಲ್ಲಿ 'ಕಾರ್ಮೆನ್ ಜೋನ್ಸ್' ಚಿತ್ರದಲ್ಲಿ ಪಾತ್ರ ದೊರೆಯಿತು. 1962ರಲ್ಲಿ 'ನೋ ಸ್ಟ್ರಿಂಗ್ಸ್' ಸಂಗೀತ ನಾಟಕದ ಅಭಿನಯಕ್ಕೆ ಟೋನಿ ಪ್ರಶಸ್ತಿ ಬಂದಿತು. ಸಂಗೀತ ನಾಟಕದ ಪ್ರಧಾನ ನಟಿಗೆ ಸಲ್ಲುವ ಆ ಪ್ರಶಸ್ತಿಯನ್ನು ಪಡೆದ ಮೊದಲ ಕಪ್ಪು ಮಹಿಳೆ ಆಕೆಯೇ.

ಆದರೆ ನಾವಿಲ್ಲಿ ಮುಖ್ಯವಾಗಿ ಹೇಳಬೇಕಾದುದು 1968ರ ಸಂಗತಿ. ಆ ವರ್ಷದ ಏಪ್ರಿಲಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹತರಾದರು. ನಗರಗಳು ಹೊತ್ತಿ ಉರಿದವು. ಸೆಪ್ಟೆಂಬರ್ 17ರಂದು ಎನ್‌ಬಿಸಿಯಲ್ಲಿ 'ಜೂಲಿಯ' ಧಾರಾವಾಹಿ ಆರಂಭವಾಯಿತು. ಅದಕ್ಕೆ ಮೊದಲು ಅಲ್ಲಿನ ದೂರದರ್ಶನದಲ್ಲಿ ಕಪ್ಪು ಹೆಂಗಸೆಂದರೆ ಬಹುಮಟ್ಟಿಗೆ ಬಿಳಿಯರ ಮನೆಯ ಕೆಲಸದವಳು. 1950ರಲ್ಲಿ ಆರಂಭವಾದ 'ಬ್ಯೂಲಾ'ದ ನಾಯಕಿಯೂ ಅಂಥವಳೇ. ಜೂಲಿಯಳಾದರೋ ದಾದಿ, ವಿಯೆಟ್ನಾಮಿನಲ್ಲಿ ಮಡಿದ ವಿಮಾನಚಾಲಕನ ವಿಧವೆ, ಎಳೆಯ ಮಗನನ್ನು ತಾನೇ ದುಡಿದು ಸಾಕುವ ತಾಯಿ.

ಟೀಕೆಗಳು ಬಾರದಿರಲಿಲ್ಲ. ಬೀದಿ ಉರಿಯುತ್ತಿರುವಾಗ ಈಕೆಯ ಮನೆ ಇಷ್ಟು ಅಚ್ಚುಕಟ್ಟಾಗಿರುವುದೇ? ಕಪ್ಪು ಮಗುವಿಗೆ ತಂದೆಯೊಬ್ಬನನ್ನು ಕೊಡಬಾರದಾಗಿತ್ತೇ? ಇವು ನ್ಯಾಯವಾದ ಪ್ರಶ್ನೆಗಳೇ. ತಮ್ಮ ಪಾತ್ರವು ತಮ್ಮ ಜನರ ನಿಜ ಬಾಳಿನಿಂದ ದೂರವಿದೆಯೆಂದು ಕ್ಯಾರೊಲ್ ಅವರೇ ಬಹಿರಂಗವಾಗಿ ನುಡಿದರು. ಸಂಬಳ ಕೊಡುವ ಕಾರ್ಯಕ್ರಮದ ಕೊರತೆಯನ್ನು ಹೀಗೆ ನುಡಿಯಲು ಧೈರ್ಯ ಬೇಕು. ಆದರೂ ಆಕೆ ಪಾತ್ರವನ್ನು ಬಿಟ್ಟೋಡಲಿಲ್ಲ. 1971ರವರೆಗೆ ಮೂರು ಋತುಗಳ ಕಾಲ ನಡೆಸಿದರು. ಮುಚ್ಚಿದ್ದ ಬಾಗಿಲು ತುಸುವೇ ತೆರೆದಾಗ, ಪೂರ್ತಿ ತೆರೆಯಲೆಂದು ಹೊರಗೆ ನಿಲ್ಲುವುದೋ, ಒಳಹೊಕ್ಕು ತಳ್ಳುವುದೋ? ಆಕೆ ಎರಡನೆಯದನ್ನು ಆರಿಸಿದರು.

1974ರ 'ಕ್ಲಾಡೀನ್' ಚಿತ್ರದಲ್ಲಿ ಆಕೆ ಹಾರ್ಲೆಮ್‌ನ ಆರು ಮಕ್ಕಳ ಬಡ ತಾಯಿ. ಆ ತಾಯಿ ದುಡಿಯುವುದು ಮತ್ತೆ ಬಿಳಿಯರ ಮನೆಯ ಕೆಲಸದವಳಾಗಿಯೇ! ಆದರೆ ಇಲ್ಲಿ ಅವಳಿಗೆ ತನ್ನದೇ ಮನೆಯಿದೆ, ಪ್ರೇಮವಿದೆ, ಸಿಟ್ಟಿದೆ. ಈ ಪಾತ್ರಕ್ಕೆ ಆಕೆಯ ಹೆಸರು ಆಸ್ಕರ್ ಪ್ರಶಸ್ತಿಗೆ ಸೂಚಿತವಾಯಿತು. ಕಸಮುಸುರೆಯ ಕೆಲಸ ಕೀಳಲ್ಲ. ಆ ಕೆಲಸದಾಚೆಗೆ ಅವಳಿಗೆ ಬಾಳೇ ಇಲ್ಲವೆಂಬಂತೆ ತೋರಿಸುವುದು ಕೀಳು. ಆಕೆ 2019ರ ಅಕ್ಟೋಬರ್ 4ರಂದು, ಎಂಬತ್ತನಾಲ್ಕರ ವಯಸ್ಸಿನಲ್ಲಿ ತೀರಿಕೊಂಡರು.

ತಾಯಂದಿರೇ, ಇಂದು ರಾತ್ರಿ ಧಾರಾವಾಹಿ ನೋಡುವಾಗ ಅಡಿಗೆಮನೆಯ ಮೂಲೆಯಲ್ಲಿ ನಿಂತ ಕೆಲಸದಾಕೆಗೆ ಒಂದು ಹೆಸರಾದರೂ ಇದೆಯೇ ಎಂದು ಮಕ್ಕಳೊಡನೆ ವಿಚಾರಿಸಿರಿ. ಮನೆಯ ಮಗಳೊಬ್ಬಳು ನಟಿಯಾಗುವೆನೆಂದರೆ ಒಮ್ಮೆಗೇ ಗದರದೆ, ಓದಿನ ವಿಷಯದಲ್ಲಿ ಕ್ಯಾರೊಲ್ ಕೊಟ್ಟಂಥ ಮಾತನ್ನು ಆಕೆಯಿಂದಲೂ ಪಡೆಯಿರಿ.