ಯಕೃತ್ತಿನ ಅರ್ಬುದಕ್ಕೆ ವಿಕಿರಣ ಚಿಕಿತ್ಸೆ: ರೋಗಿಯ ಪೂರ್ವಸಿದ್ಧತೆ



ಮದ್ದು ಎಷ್ಟು ಪ್ರಬಲವೋ ಅದನ್ನು ಪ್ರಯೋಗಿಸುವ ಮುನ್ನ ಮಾಡತಕ್ಕ ವಿಚಾರವೂ ಅಷ್ಟೇ ಗಂಭೀರವಾಗಿರಬೇಕು. ಯಕೃತ್ತಿನ ಅರ್ಬುದಕ್ಕೆ ಈಗ ನಡೆಯುವ ರೇಡಿಯೋಎಂಬೊಲೈಸೇಷನ್ ಎಂಬ ಚಿಕಿತ್ಸೆಯು ಇದಕ್ಕೆ ನಿದರ್ಶನವಾಗಿದೆ.

ಯಕೃತ್ತಿಗೆ ರಕ್ತವು ಎರಡು ದಾರಿಗಳಿಂದ ಬರುವುದು. ಆರೋಗ್ಯವುಳ್ಳ ಭಾಗವು ಸುಮಾರು ಮುಕ್ಕಾಲು ಪಾಲು ರಕ್ತವನ್ನು ಕರುಳಿನ ಕಡೆಯಿಂದ ಬರುವ ಸಿರೆಯಿಂದ ಪಡೆಯುವುದು. ಅರ್ಬುದವಾದರೋ ಬಹುಮಟ್ಟಿಗೆ ಯಕೃತ್ತಿನ ಧಮನಿಯಿಂದಲೇ ಪೋಷಿತವಾಗುವುದು. ಈ ಭೇದವನ್ನು ಆಶ್ರಯಿಸಿ, ಇಟ್ರಿಯಂ-90 ಎಂಬ ವಿಕಿರಣಧಾತುವುಳ್ಳ ಅತಿಸೂಕ್ಷ್ಮ ಗೋಲಿಗಳನ್ನು ತೆಳುವಾದ ನಳಿಕೆಯ ಮೂಲಕ ಆ ಧಮನಿಯೊಳಗೆ ಬಿಡುವರು. ಅದರ ಕಿರಣಗಳು ಮಾಂಸದಲ್ಲಿ ಸರಾಸರಿ 2.5 ಮಿಲಿಮೀಟರಿನಷ್ಟೇ ದೂರ ಸಾಗುವುವು. ಸುಮಾರು 64 ಗಂಟೆಗಳಿಗೊಮ್ಮೆ ಅದರ ಶಕ್ತಿಯು ಅರ್ಧಕ್ಕಿಳಿಯುವುದು.

ಆದರೆ ಒಮ್ಮೆ ಬಿಟ್ಟ ಗೋಲಿಗಳನ್ನು ಹಿಂದಕ್ಕೆ ತೆಗೆಯುವುದು ಅಸಾಧ್ಯ. ಅವು ದಾರಿತಪ್ಪಿ ಜಠರವನ್ನೋ ಕರುಳನ್ನೋ ಸೇರಿದರೆ ಹುಣ್ಣುಗಳಾಗುವುವು; ಶ್ವಾಸಕೋಶವನ್ನು ಹೆಚ್ಚಾಗಿ ಸೇರಿದರೆ ಪ್ರಾಣಾಪಾಯವೇ ಒದಗಬಹುದು. ಆದಕಾರಣ ಸಾಮಾನ್ಯವಾಗಿ ಚಿಕಿತ್ಸೆಗೆ ಮುಂಚೆ ಬೇರೊಂದು ದಿನ ಪರೀಕ್ಷಾಪ್ರಯೋಗವನ್ನು ನಡೆಸುವರು. ಧಮನಿಗಳ ಚಿತ್ರವನ್ನು ತೆಗೆದು, ಟೆಕ್ನೀಷಿಯಂ-99ಎಂ ಕೂಡಿಸಿದ ಆಲ್ಬುಮಿನ್ ಕಣಗಳನ್ನು ಅದೇ ದಾರಿಯಲ್ಲಿ ಬಿಟ್ಟು, ಅವು ಎಲ್ಲೆಲ್ಲಿ ನೆಲಸಿದುವೆಂಬುದನ್ನು ಯಂತ್ರದಿಂದ ನೋಡುವರು. ಜಠರದ ಕಡೆಗೆ ಹೋಗುವ ಕವಲು ಅಪಾಯಕರವೆಂದು ಕಂಡರೆ, ಅದನ್ನು ಲೋಹದ ಸಣ್ಣ ಸುರುಳಿಯಿಂದ ಮುಚ್ಚುವರು. ಇಲ್ಲವೆ ನಳಿಕೆಯನ್ನು ಆ ಕವಲಿನಿಂದ ಮುಂದಕ್ಕೆ ದಾಟಿಸುವರು. ಶ್ವಾಸಕೋಶಕ್ಕೆ ತಗಲುವ ವಿಕಿರಣವು ಒಂದು ಸಲಕ್ಕೆ 30 ಗ್ರೇ, ಒಟ್ಟಿನಲ್ಲಿ 50 ಗ್ರೇ ಮೀರಕೂಡದೆಂಬುದು ರೂಢಿಯ ಮಿತಿ. ಮೀರುವಂತೆ ತೋರಿದರೆ ಪ್ರಮಾಣವನ್ನು ತಗ್ಗಿಸುವರು, ಅಥವಾ ಚಿಕಿತ್ಸೆಯನ್ನೇ ಕೈಬಿಡುವರು.

ರಕ್ತಪರೀಕ್ಷೆಯೂ ಅಷ್ಟೇ ಅವಶ್ಯಕ. ಬಿಲಿರುಬಿನ್ ಎಂಬ ಪಿತ್ತದ ಅಂಶವು ಡೆಸಿಲೀಟರಿಗೆ 2 ಮಿಲಿಗ್ರಾಮನ್ನು ಮೀರಿದ್ದರೆ, ಅಥವಾ ಹೊಟ್ಟೆಯಲ್ಲಿ ನೀರು ತುಂಬಿದ್ದರೆ, ಉಳಿದ ಯಕೃತ್ತು ಈ ಭಾರವನ್ನು ತಾಳೀತೇ ಎಂದು ವೈದ್ಯರು ಮತ್ತೆ ಆಲೋಚಿಸುವರು. ಮೂತ್ರಪಿಂಡಗಳ ಬಲವನ್ನೂ ರಕ್ತವು ಹೆಪ್ಪುಗಟ್ಟುವ ಶಕ್ತಿಯನ್ನೂ ಅಳೆಯುವರು.

ಇಲ್ಲಿ ರೋಗಿಯ ಕರ್ತವ್ಯವು ಸತ್ಯವನ್ನು ನುಡಿಯುವುದು. ರಕ್ತವನ್ನು ತೆಳುಮಾಡುವ ಗುಳಿಗೆ, ಮಧುಮೇಹದ ಮದ್ದು, ನಾಟಿ ಔಷಧಿ, ಹಿಂದೆ ಮೈಗೊಗ್ಗದ ಚುಚ್ಚುಮದ್ದು, ಸ್ತ್ರೀಯರಲ್ಲಿ ಗರ್ಭದ ಸಂಭವ, ಇವಾವುದನ್ನೂ ಮರೆಮಾಡಬಾರದು. ವೈದ್ಯರ ಅಪ್ಪಣೆಯಿಲ್ಲದೆ ಯಾವ ಮದ್ದನ್ನೂ ನಿಲ್ಲಿಸಲೂಬಾರದು.

ಬಂಧುಗಳಿಗೆ ಈ ಪರೀಕ್ಷೆಗಳೆಲ್ಲ ಕಾಲಹರಣವೆಂದು ತೋರುವುದು ಸಹಜ. ಮನೆಯವರು ಮಲಗಿರುವಾಗ ಒಂದೊಂದು ದಿನವೂ ಯುಗವಾಗುವುದು. ಆದರೂ ಆ ದಿನಗಳು ವ್ಯರ್ಥವಲ್ಲ. ಮದ್ದು ರೋಗವನ್ನು ಮುಟ್ಟುವುದೋ ರೋಗಿಯನ್ನು ಕೆಡಿಸುವುದೋ ಎಂಬುದು ಆಗಲೇ ನಿರ್ಣಯವಾಗುವುದು. ಪರೀಕ್ಷೆಯ ಬಳಿಕ ವೈದ್ಯರು ಬೇಡವೆಂದರೆ, ಅದನ್ನು ಕೈಬಿಟ್ಟರೆಂದು ಭಾವಿಸದೆ, ಬೇರೆ ಉಪಾಯವೇನೆಂದು ಅವರನ್ನೇ ಕೇಳುವುದು ವಿವೇಕಿಗಳ ಲಕ್ಷಣ.