ಅಕ್ಷರಾಭ್ಯಾಸದ ಮರುದಿನ: ಮೂರರಿಂದ ಎಂಟು ವರ್ಷದವರೆಗಿನ ಮಕ್ಕಳ ಕಲಿಕೆ

(ಪುಣೆಯ ಶಾಖಾಮಠದಲ್ಲಿ ಪಾಲಕರಿಗಾಗಿ ನೀಡಿದ ಉಪನ್ಯಾಸದ ಬರಹರೂಪ)



ವಿಜಯದಶಮಿಯಂದು ಮಠದ ಪ್ರಾಂಗಣದಲ್ಲಿ ಕಾಣುವ ದೃಶ್ಯವು ಎಲ್ಲರಿಗೂ ಪರಿಚಿತವಾದದ್ದು. ತಂದೆಯ ತೊಡೆಯ ಮೇಲೆ ಕುಳಿತ ಮಗುವಿನ ಪುಟ್ಟ ಬೆರಳನ್ನು ಹಿಡಿದು, ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಮೊದಲ ಅಕ್ಷರವನ್ನು ತಿದ್ದಿಸುತ್ತಾರೆ. ಅಜ್ಜಿ ಕಣ್ತುಂಬ ನೋಡುತ್ತಾಳೆ, ಮಂತ್ರಾಕ್ಷತೆಯಾಗುತ್ತದೆ, ಪ್ರಸಾದ ಸ್ವೀಕರಿಸಿ ಎಲ್ಲರೂ ಮನೆಗೆ ತೆರಳುತ್ತಾರೆ. ಆದರೆ ಮರುದಿನದಿಂದ ಆ ಮಗು ಏನನ್ನು, ಯಾವ ಕ್ರಮದಲ್ಲಿ, ಯಾವ ಭಾಷೆಯಲ್ಲಿ ಕಲಿಯಬೇಕು? ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್ ಎಂಬ ತ್ರಿವೇಣಿಯಲ್ಲಿ ಬೆಳೆಯುವ ಪುಣೆಯ ಕನ್ನಡ ಮಕ್ಕಳ ಮಟ್ಟಿಗೆ ಈ ಪ್ರಶ್ನೆ ಬಹು ಮುಖ್ಯವಾದದ್ದು.

ಶ್ರೀನಾರಾಯಣಪಂಡಿತಾಚಾರ್ಯರ ಸುಮಧ್ವವಿಜಯದಲ್ಲಿ ಬಾಲಕ ವಾಸುದೇವನ ಅಕ್ಷರಾಭ್ಯಾಸದ ಪ್ರಸಂಗವೊಂದು ಬರುತ್ತದೆ. ಹಿಂದಿನ ದಿನ ಬರೆಸಿದ ಅಕ್ಷರಗಳನ್ನೇ ತಂದೆಯವರು ಮತ್ತೆ ಬರೆದು ತೋರಿದಾಗ, ಬರೆದದ್ದನ್ನೇ ಪುನಃ ಬರೆಯುವುದೇಕೆಂದು ಆ ಬಾಲಕನು ಕೇಳುತ್ತಾನೆ. ಅವತಾರಪುರುಷರಿಗೆ ಆವೃತ್ತಿಯ ಅಗತ್ಯವಿರಲಿಲ್ಲ. ಮನೆಮನೆಯ ಮಕ್ಕಳಿಗಾದರೋ ಆವೃತ್ತಿಯೇ ಆಧಾರ. ಈ ಪ್ರಸಂಗವನ್ನು ಭಕ್ತಿಯಿಂದ ಕೇಳಬೇಕೇ ಹೊರತು, ಅದನ್ನೇ ಅಳತೆಗೋಲಾಗಿ ಹಿಡಿದು, ಒಂದೇ ಸಲಕ್ಕೆ ಕಲಿಯಲಿಲ್ಲವೆಂದು ನಾಲ್ಕು ವರ್ಷದ ಕೂಸನ್ನು ಗದರಿಸುವುದು ಸರ್ವಥಾ ಉಚಿತವಲ್ಲ.

ಮೆಟ್ಟಿಲುಗಳ ಕ್ರಮ

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಎಂಟು ವರ್ಷದವರೆಗಿನ ಐದು ವರ್ಷಗಳನ್ನು ಒಂದೇ ಘಟ್ಟವೆಂದು ಪರಿಗಣಿಸಿ, ಅದನ್ನು ಬುನಾದಿಯ ಹಂತವೆಂದು ಕರೆಯಿತು. ಅಂಗನವಾಡಿ ಅಥವಾ ಬಾಲವಾಟಿಕೆಯ ಮೂರು ವರ್ಷ, ಒಂದು ಮತ್ತು ಎರಡನೆಯ ತರಗತಿಗಳ ಎರಡು ವರ್ಷ ಇದರಲ್ಲಿ ಸೇರಿವೆ. 2022ರ ಅಕ್ಟೋಬರ್ ತಿಂಗಳಲ್ಲಿ ಈ ಹಂತಕ್ಕಾಗಿ ಪ್ರಕಟವಾದ ಪಠ್ಯಕ್ರಮದ ಚೌಕಟ್ಟು ತೈತ್ತಿರೀಯೋಪನಿಷತ್ತಿನ ಪಂಚಕೋಶಗಳ ವಿಚಾರವನ್ನು ಸ್ಮರಿಸಿ, ದೇಹ, ಪ್ರಾಣ, ಮನಸ್ಸು, ಬುದ್ಧಿ, ಆನಂದ ಇವೆಲ್ಲವುಗಳ ಪೋಷಣೆಯೇ ಶಿಕ್ಷಣವೆಂದು ಹೇಳುತ್ತದೆ. ಆಟ, ಕಥೆ, ಹಾಡು, ಸಂಭಾಷಣೆ ಇವು ಅಲ್ಲಿ ಪಾಠದ ನಡುವಿನ ವಿರಾಮಗಳಲ್ಲ, ಪಾಠಗಳೇ ಆಗಿವೆ.

2021ರ ಜುಲೈ 5ರಂದು ಆರಂಭವಾದ 'ನಿಪುಣ ಭಾರತ' ಯೋಜನೆಯು ಈ ಮೆಟ್ಟಿಲುಗಳನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಬಾಲವಾಟಿಕೆಯ ಕೊನೆಗೆ ಮಗು ಅಕ್ಷರಗಳನ್ನೂ ಅವುಗಳ ಧ್ವನಿಯನ್ನೂ ಗುರುತಿಸಿ, ಎರಡು ಮೂರು ಅಕ್ಷರಗಳ ಸರಳ ಪದಗಳನ್ನು ಓದಿದರೆ, ಹತ್ತರವರೆಗಿನ ಅಂಕಿಗಳನ್ನು ಬಲ್ಲುದಾದರೆ ಸಾಕು. ಒಂದನೆಯ ತರಗತಿಯ ಕೊನೆಗೆ ನಾಲ್ಕೈದು ಪದಗಳ ಚಿಕ್ಕ ವಾಕ್ಯಗಳು, 99ರವರೆಗಿನ ಸಂಖ್ಯೆಗಳು. ಎರಡನೆಯ ತರಗತಿಯ ಕೊನೆಗೆ ನಿಮಿಷಕ್ಕೆ 45ರಿಂದ 60 ಪದಗಳ ಓದು, 999ರವರೆಗಿನ ಸಂಖ್ಯೆಗಳು. ಮೂರನೆಯ ತರಗತಿಯ ಹೊತ್ತಿಗೆ ಅರ್ಥವರಿತು ಓದುವುದು, 9999ರವರೆಗಿನ ಸಂಖ್ಯೆಗಳು, ಸರಳ ಗುಣಾಕಾರ. ಹೀಗಿರುವಾಗ ಮೂರೂವರೆ ವರ್ಷದ ಮಗುವಿಗೆ ಪುಟಗಟ್ಟಲೆ ಬರೆಯುವ ಮನೆಗೆಲಸ ಕೊಡುವುದನ್ನು ಯಾವ ಮೆಟ್ಟಿಲೂ ಕೇಳುವುದಿಲ್ಲ. ಆ ವಯಸ್ಸಿನ ಬೆರಳುಗಳು ಇನ್ನೂ ಎಳೆಯವು. ಪೆನ್ಸಿಲಿಗೆ ಮೊದಲು ಅವು ಬೇರೆ ಕೆಲಸಗಳಲ್ಲಿ ಪಳಗಬೇಕು.

ಈ ತಿಳಿವಳಿಕೆ ಮಹಾರಾಷ್ಟ್ರಕ್ಕೆ ಹೊಸದಲ್ಲ. ಪುಣೆ ಜಿಲ್ಲೆಯ ಮೋರಗಾಂವದಲ್ಲಿ 1910ರಲ್ಲಿ ಜನಿಸಿದ ಅನುತಾಯಿ ವಾಘ್ ಅವರು ತಾರಾಬಾಯಿ ಮೋಡಕ್ ಅವರೊಡನೆ ಮೊದಲು ಬೋರಡಿಯಲ್ಲಿ, ಅನಂತರ ಕೋಸಬಾಡದಲ್ಲಿ ಬಾಲಶಿಕ್ಷಣದ ಪ್ರಯೋಗಗಳನ್ನು ನಡೆಸಿದರು. ಶಾಲೆಗೆ ಬಾರದ ಮಕ್ಕಳಿಗಾಗಿ ಶಾಲೆಯೇ ಅವರ ಅಂಗಳಕ್ಕೆ ಹೋಯಿತು. ಎಲೆ, ಬೀಜ, ಕಲ್ಲು, ಚಿಪ್ಪುಗಳೇ ಪಾಠೋಪಕರಣಗಳಾದವು.

ಸಂಗೀತದಲ್ಲಿಯೂ ಇದೇ ಕ್ರಮವಿದೆ. ಶ್ರೀಪುರಂದರದಾಸರು ಹಾಕಿಕೊಟ್ಟರೆಂದು ಪರಂಪರೆಯು ಸ್ಮರಿಸುವ ಪಾಠಕ್ರಮದಲ್ಲಿ ಮೊದಲು ಸರಳೆ, ಬಳಿಕ ಜಂಟಿವರಸೆ, ಅಲಂಕಾರ, ಆಮೇಲೆ ಪಿಳ್ಳಾರಿ ಗೀತೆ. ಮೊದಲ ದಿನವೇ ಕೀರ್ತನೆಯನ್ನು ಹಾಡಿಸುವ ಗುರುಗಳು ಯಾರೂ ಇಲ್ಲ. ಸಂಗೀತಕ್ಕೆ ತೋರುವ ಈ ತಾಳ್ಮೆಯನ್ನು ಪಾಲಕರು ಓದುಬರಹಕ್ಕೂ ತೋರಬೇಕಾಗಿದೆ.

ಎಣಿಕೆಯಲ್ಲಿ ಕನ್ನಡದ ಉಪಕಾರ

ಮನೆಯಲ್ಲಿ ಕನ್ನಡವನ್ನಾಡಿದರೆ ಶಾಲೆಯಲ್ಲಿ ಮಗು ಹಿಂದೆ ಬೀಳುತ್ತದೆಂಬ ಭಯ ಅನೇಕ ಪಾಲಕರಲ್ಲಿದೆ. ಈ ಭಯವನ್ನು ಪರೀಕ್ಷಿಸಲು ಪುಣೆಯಲ್ಲಿಯೇ ಒಂದು ನಿದರ್ಶನ ದೊರೆಯುತ್ತದೆ.

1967ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ, 'ಬಾಲಭಾರತಿ' ಎಂದು ಪ್ರಸಿದ್ಧವಾದ ರಾಜ್ಯ ಪಠ್ಯಪುಸ್ತಕ ಮಂಡಲವು 2019ರಲ್ಲಿ ಎರಡನೆಯ ತರಗತಿಯ ಹೊಸ ಗಣಿತ ಪುಸ್ತಕವನ್ನು ಹೊರತಂದಿತು. ಅದರಲ್ಲಿ ಮರಾಠಿಯ 'ಏಕವೀಸ' ಎಂಬ ರೂಢಿಯ ಜೊತೆಗೆ 'ವೀಸ ಏಕ' ಎಂಬ ಹೇಳಿಕೆಯನ್ನೂ ಕೊಡಲಾಗಿತ್ತು. ಗಣಿತ ಸಮಿತಿಯ ನೇತೃತ್ವವನ್ನು ಗಣಿತಜ್ಞೆ ಮಂಗಳಾ ನಾರಳೀಕರ್ ಅವರು ವಹಿಸಿದ್ದರು. ಭಾಷೆ ಕೆಡುತ್ತದೆಂದು ಆಕ್ಷೇಪಗಳು ಬಂದವು. ವಿಷಯವು ವಿಧಾನಸಭೆಯವರೆಗೂ ಹೋಯಿತು. ವಾದವೇನೇ ಇರಲಿ, ಅದರ ಹಿಂದಿನ ಕಷ್ಟ ಮಾತ್ರ ನಿಜವಾದದ್ದು. 63ನ್ನು ಮರಾಠಿಯಲ್ಲಿ 'ತ್ರೇಸಷ್ಟ' ಎನ್ನುವಾಗ ಮೂರು ಮೊದಲು ಕೇಳಿಸುತ್ತದೆ, ಅರವತ್ತು ಆಮೇಲೆ. ಬರೆಯುವಾಗ ಆರು ಮೊದಲು. ಆದ್ದರಿಂದ ಮಗು 36 ಎಂದು ಬರೆದುಬಿಡುವುದುಂಟು. 29ಕ್ಕೆ 'ಏಕೋಣತೀಸ', ಅಂದರೆ ಮೂವತ್ತಕ್ಕೆ ಒಂದು ಕಡಿಮೆ. ಅಲ್ಲಿ ಇಪ್ಪತ್ತರ ಸುಳಿವೇ ಇಲ್ಲ.

ಕನ್ನಡದಲ್ಲಾದರೋ ಅರವತ್ತಮೂರು ಎಂದರೆ ಅರವತ್ತು, ಮೂರು. ಇಪ್ಪತ್ತೊಂಬತ್ತು ಎಂದರೆ ಇಪ್ಪತ್ತು, ಒಂಬತ್ತು. ಇಂಗ್ಲಿಷಿನ 'ಥರ್ಟೀನ್' ಮೂರರಿಂದ ಆರಂಭವಾದರೆ, ಕನ್ನಡದ ಹದಿಮೂರು ಹತ್ತರಿಂದಲೇ ಆರಂಭವಾಗುತ್ತದೆ. ಕೇಳುವ ಕ್ರಮವೂ ಬರೆಯುವ ಕ್ರಮವೂ ಒಂದೇ. ಹತ್ತು ಮತ್ತು ಬಿಡಿಗಳ ಸ್ಥಾನವನ್ನು ತಿಳಿಸಲು ಇದಕ್ಕಿಂತ ಸುಲಭವಾದ ಸಾಧನವೇನು ಬೇಕು? ಅಜ್ಜಿಯು ಹೂಬತ್ತಿಗಳನ್ನು ಹತ್ತು ಹತ್ತರ ಗುಂಪು ಮಾಡಿ ಮೊಮ್ಮಗಳಿಂದ ಕನ್ನಡದಲ್ಲಿ ಎಣಿಸಿದರೆ, ಶಾಲೆಯ ಗಣಿತಕ್ಕೆ ಅದೇ ಬುನಾದಿ. ಮರಾಠಿಯ ಸಂಖ್ಯಾನಾಮಗಳನ್ನೂ ಮಗು ಕಲಿಯಲೇಬೇಕು, ಕಲಿಯುತ್ತದೆ. ಮನೆಯ ಎಣಿಕೆ ಗಟ್ಟಿಯಾಗಿದ್ದರೆ ಆ ಕಲಿಕೆ ಹಗುರವಾಗುತ್ತದೆ.

ಎರಡು ಲಿಪಿ, ಒಂದು ವರ್ಣಮಾಲೆ

2020ರಲ್ಲಿ ಬಂದ ಕಾನೂನಿನಂತೆ ಮಹಾರಾಷ್ಟ್ರದ ಶಾಲೆಗಳಲ್ಲಿ ಮರಾಠಿ ಕಲಿಕೆ ಕಡ್ಡಾಯವಾಗಿದೆ. ಕನ್ನಡ ಬಲ್ಲ ಮಗುವಿಗೆ ಇದು ಹೊರೆಯಲ್ಲ. ಲಿಪಿ ಬೇರೆಯಾದರೂ ಸ್ವರ, ವ್ಯಂಜನ, ಕಾಗುಣಿತಗಳ ಕ್ರಮ ಒಂದೇ. ಕನ್ನಡದ ಎ, ಏ, ಒ, ಓ ಎಂಬ ಹ್ರಸ್ವ ದೀರ್ಘ ಭೇದವು ಮರಾಠಿಯ ಲಿಪಿಯಲ್ಲಿಲ್ಲ. ದೇವನಾಗರಿಯ ಹ್ರಸ್ವ ಇಕಾರದ ಗುರುತು ವ್ಯಂಜನದ ಬಳಿಕ ಉಚ್ಚಾರವಾದರೂ ಅದಕ್ಕಿಂತ ಮೊದಲೇ ಬರೆಯಲ್ಪಡುತ್ತದೆ. ಇಂಥ ಕೆಲವು ಭೇದಗಳನ್ನು ತಾಳ್ಮೆಯಿಂದ ತೋರಿಸಿದರಾಯಿತು. ಇಂಗ್ಲಿಷಿನಲ್ಲಿ ಮಾತ್ರ ಅಕ್ಷರದ ಹೆಸರು ಬೇರೆ, ಧ್ವನಿ ಬೇರೆ. ಅಕ್ಷರವೆಂದರೆ ಧ್ವನಿ ಎಂಬ ತತ್ತ್ವವನ್ನು ಕನ್ನಡದಲ್ಲಿ ಅರಿತ ಮಗು ಅಲ್ಲಿಯೂ ಧ್ವನಿಯನ್ನೇ ಹುಡುಕುತ್ತದೆ.

ನೈವೇದ್ಯದ ಹೊತ್ತಿನಲ್ಲಿ ಹಿರಿಯರು ಹೇಳುವ ದ್ವಾದಶಸ್ತೋತ್ರವನ್ನು ಕೇಳುತ್ತ ಬೆಳೆದ ಕಿವಿಗೆ ಹ್ರಸ್ವದೀರ್ಘಗಳೂ ಮಹಾಪ್ರಾಣಗಳೂ ತಾವಾಗಿ ತಿಳಿಯುತ್ತವೆ. ಆದರೆ ಕಂಠಪಾಠವು ಓದಲ್ಲ, ಅರ್ಥಜ್ಞಾನವೂ ಅಲ್ಲ ಎಂಬ ಎಚ್ಚರ ಇರಬೇಕು. ಸಭೆಯಲ್ಲಿ ಶ್ಲೋಕ ಹೇಳಿ ಚಪ್ಪಾಳೆ ಪಡೆದ ಮಗುವನ್ನು ಮನೆಗೆ ಬಂದ ಮೇಲೆ, 'ಈ ಕಥೆಯಲ್ಲಿ ಮುಂದೇನಾಯಿತು, ಪುಟ್ಟಾ?' ಎಂದು ಕೇಳುವವರೂ ಬೇಕು.

ಬಟ್ಟಲು ಮತ್ತು ಲೋಟ

ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಅವರು ತೋರಿಸಿದ ಪ್ರಯೋಗವನ್ನು ಯಾವ ಅಡಿಗೆಮನೆಯಲ್ಲಾದರೂ ಮಾಡಬಹುದು. ಒಂದೇ ತೆರನಾದ ಎರಡು ಅಗಲ ಬಟ್ಟಲುಗಳಲ್ಲಿ ಸಮನಾಗಿ ಮಜ್ಜಿಗೆ ಹಾಕಿ, ಒಂದನ್ನು ಮಗುವಿನ ಎದುರಿಗೇ ಎತ್ತರದ ಲೋಟಕ್ಕೆ ಸುರಿದರೆ, ನಾಲ್ಕೈದು ವರ್ಷದ ಮಗು ಸಾಮಾನ್ಯವಾಗಿ ಲೋಟದಲ್ಲಿಯೇ ಹೆಚ್ಚಿದೆ ಎನ್ನುತ್ತದೆ. ಏಳರ ಸುಮಾರಿಗೆ ಅದೇ ಮಗು ನಕ್ಕು, 'ಎರಡೂ ಅಷ್ಟೇ' ಎನ್ನುತ್ತದೆ. ಇದನ್ನು ಬೈದು ಕಲಿಸಲಾಗದು. ಸುರಿದು, ಅಳೆದು, ಚೆಲ್ಲಿ, ಮತ್ತೆ ತುಂಬಿ ಕಾಲಕ್ರಮದಲ್ಲಿ ಬರುವ ತಿಳಿವು ಅದು.

ಮನೆಯೇ ಮೊದಲ ಶಾಲೆ

ಆಚಾರದ ಮನೆಯಲ್ಲಿ ಕಲಿಕೆಯ ಸಾಮಗ್ರಿಗೆ ಕೊರತೆಯಿಲ್ಲ. ಬತ್ತಿ ಹೊಸೆಯುವುದು, ಹೂ ಪೋಣಿಸುವುದು, ತುಳಸಿದಳ ಬಿಡಿಸುವುದು, ರಂಗೋಲಿಯ ಚುಕ್ಕಿಯಿಡುವುದು ಬೆರಳುಗಳನ್ನು ಬರವಣಿಗೆಗೆ ಸಿದ್ಧಪಡಿಸುತ್ತವೆ. ಊಟಕ್ಕೆ ಕುಳಿತವರಿಗೆ ಒಂದೊಂದು ಎಲೆ ಹಾಕುವುದು ಎಣಿಕೆ. ಅಳಗುಳಿಮಣೆ, ಚೌಕಾಬಾರ ಲೆಕ್ಕವನ್ನೂ ಸರದಿ ಕಾಯುವ ಸಂಯಮವನ್ನೂ ಕಲಿಸುತ್ತವೆ. ರಾತ್ರಿ ಹತ್ತು ನಿಮಿಷ ಪ್ರಹ್ಲಾದನ ಕಥೆಯೋ ಧ್ರುವನ ಕಥೆಯೋ ಶಬ್ದಭಂಡಾರವನ್ನು ತುಂಬುತ್ತದೆ. ಇವುಗಳಿಗೆ ಶುಲ್ಕವಿಲ್ಲ; ಬೇಕಾದದ್ದು ಹಿರಿಯರ ಸಮಯ, ಕೈಯಲ್ಲಿನ ಮೊಬೈಲನ್ನು ಬದಿಗಿಡುವ ಮನಸ್ಸು.

ಇಷ್ಟು ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ. ಧಾರವಾಡ, ವಿಜಯಪುರ, ರಾಯಚೂರು, ಉಡುಪಿಗಳಿಂದ ಮಗನ ಮನೆಗೆ ಬಂದ ಅಜ್ಜಿಯು ಮೊಮ್ಮಗನೊಡನೆ ಮಾತನಾಡಲು ಸೊಸೆಯ ಭಾಷಾಂತರವನ್ನು ಅವಲಂಬಿಸಬೇಕಾದ ಮನೆಗಳು ಈ ನಗರದಲ್ಲಿ ಹೆಚ್ಚುತ್ತಿವೆ. ಅಲ್ಲಿ ಯಾರ ದುರುದ್ದೇಶವೂ ಇಲ್ಲ. ಮಗು ಮುಂದೆ ಬರಲೆಂಬ ಹಂಬಲವೇ ಇದೆ. ಆದರೆ ಎಂಟು ವರ್ಷದೊಳಗೆ ಮನೆಮಾತು ಬಾಯಿಗೆ ಬಾರದೆ ಹೋದರೆ, ಮುಂದೆ ದಾಸರ ಪದಗಳು ಆ ಮಗುವಿಗೆ ಕೇವಲ ರಾಗವಾಗಿ ಉಳಿದಾವು. ಹಾಡಿದರೂ ಹಾಡಿದ್ದೇನೆಂದು ತಿಳಿಯದು. ಇಂಗ್ಲಿಷನ್ನು ಶಾಲೆ ಕಲಿಸುತ್ತದೆ, ಮರಾಠಿಯನ್ನು ಶಾಲೆಯೂ ನೆರೆಹೊರೆಯೂ ಕಲಿಸುತ್ತವೆ. ಕನ್ನಡವನ್ನು ಕಲಿಸಲು ಈ ಊರಿನಲ್ಲಿ ಬಹುಪಾಲು ಮಕ್ಕಳಿಗೆ ಮನೆಯಲ್ಲದೆ ಬೇರೆ ಶಾಲೆಯಿಲ್ಲ.

ಅಕ್ಕಿಯ ಮೇಲೆ ಬರೆದ ಅಕ್ಷರವು ತಟ್ಟೆ ಅಲುಗಿದೊಡನೆ ಅಳಿಸಿಹೋಗುತ್ತದೆ. ಅದನ್ನು ನಿತ್ಯವೂ ಪ್ರೀತಿಯಿಂದ ಮತ್ತೆ ತಿದ್ದಿಸುವ ಹೊಣೆಯನ್ನು ಪಾಲಕರು ವಹಿಸಿದರೆ ಅಂದಿನ ಅಕ್ಷರಾಭ್ಯಾಸವು ಸಾರ್ಥಕವಾಗುತ್ತದೆ. ಅಂಥ ತಾಳ್ಮೆಯನ್ನು ಶ್ರೀಹರಿವಾಯುಗುರುಗಳು ಎಲ್ಲ ಮನೆಗಳಿಗೂ ಅನುಗ್ರಹಿಸಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥