ಸಬ್‌ಸ್ಟೇಷನ್ನಿನ ಯಂತ್ರಗಳಿಗೆ ಒಂದೇ ಭಾಷೆ

(ರಜತ ಮಹೋತ್ಸವದ ಅಂಗವಾಗಿ ನಡೆದ ರೈತ ಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಪಾಠ)



ಈ ಶುಭ ಸಂದರ್ಭದಲ್ಲಿ ಹಸು, ಮೇವು, ಹಾಲಿನ ದರದ ಬಗ್ಗೆ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ. ನಮಗೆ ಆಡಳಿತ ಮಂಡಳಿಯವರು ಕರೆಂಟಿನ ವಿಷಯ ಒಪ್ಪಿಸಿದ್ದಾರೆ. ಕಾರಣ ತಮಗೆಲ್ಲ ಗೊತ್ತಿರುವಂಥದ್ದೇ. ನಮ್ಮ ಹೋಬಳಿಗೆ ಕರೆಂಟು ಕೊಡುವ 66 ಕೆ.ವಿ. ಸ್ಟೇಷನ್ನಿನ ಹಳೇ ಪ್ಯಾನೆಲ್ಲುಗಳನ್ನು ಕಿತ್ತು ಹೊಸದು ಕೂರಿಸುವ ಕೆಲಸ ಬರಲಿದೆ. ಆ ಸ್ಟೇಷನ್ನಿನ ಮೇಲೆಯೇ ನಮ್ಮ ಬಿ.ಎಂ.ಸಿ. ಟ್ಯಾಂಕಿನ ಹಾಲು ತಣ್ಣಗಿರೋದು, ಐ.ಪಿ. ಸೆಟ್ಟುಗಳು ಓಡೋದು. ಹಾಗಾಗಿ ಬರೋದು ಏನು, ಅದರಿಂದ ನಮಗೇನು ಪ್ರಯೋಜನ, ನಾವು ಏನು ಕೇಳಬೇಕು ಅನ್ನುವುದನ್ನು ತಿಳಿದಷ್ಟು ಹೇಳುತ್ತೇವೆ. ನಾವು ಓದಿದ್ದು ಎಸ್.ಎಸ್.ಎಲ್.ಸಿ. ಮಾತ್ರ. ಸ್ಟೇಷನ್ನಿನಲ್ಲಿ ಕೆಲಸ ಮಾಡುವ ನಮ್ಮೂರ ಹುಡುಗರ ಹತ್ತಿರ ಕೂತು ಕೇಳಿದ್ದು, ಓದಿ ತಿಳಿದದ್ದು ಇಷ್ಟೇ ನಮ್ಮ ಬಂಡವಾಳ. ಇಂಜಿನಿಯರ್ ಸಾಹೇಬರು ಮುಂದಿನ ಸಾಲಿನಲ್ಲೇ ಇದ್ದಾರೆ, ಹೆಚ್ಚುಕಮ್ಮಿ ಇದ್ದರೆ ತಿದ್ದಲಿ.

ಸ್ಟೇಷನ್ ಅಂದರೆ ನಮ್ಮ ಕಣ್ಣಿಗೆ ಬೀಳೋದು ದೊಡ್ಡ ಟ್ರಾನ್ಸ್‌ಫಾರ್ಮರು, ಕಬ್ಬಿಣದ ಕಂಬ, ಜಲ್ಲಿ ಹಾಸಿದ ಅಂಗಳ. ನಿಜವಾದ ಕಾವಲು ಇರುವುದು ಕಂಟ್ರೋಲ್ ರೂಮಿನೊಳಗೆ. ಅಲ್ಲಿ ರಿಲೇ ಅಂತ ಇರ್ತದೆ. ಲೈನಿಗೆ ಕೊಂಬೆ ತಗುಲಿ ಮಿತಿಮೀರಿ ಕರೆಂಟು ಹರಿದರೆ ರಿಲೇ ಅದನ್ನು ಕಂಡುಹಿಡಿದು, ಅಂಗಳದಲ್ಲಿರುವ ಬ್ರೇಕರಿಗೆ ಅಪ್ಪಣೆ ಕೊಡ್ತದೆ. ಬ್ರೇಕರು ಲೈನನ್ನು ಕಡಿದುಬಿಡ್ತದೆ. ನಾವು 'ಟ್ರಿಪ್ ಆಯ್ತು' ಅನ್ನೋದು ಇದನ್ನೇ. ಹಿಂದೆ ರಿಲೇ ಒಳಗೆ ಹಳೇ ಮೀಟರಿನಂತೆ ಬಿಲ್ಲೆ ತಿರುಗುತ್ತಿತ್ತು. 1980ರ ದಶಕದಿಂದ ಈಚೆಗೆ ಕಂಪ್ಯೂಟರಿನಂಥ ರಿಲೇಗಳು ಬಂದವು. ಬುದ್ಧಿ ಬಂತು, ಮಾತೂ ಬಂತು. ತೊಂದರೆ ಶುರುವಾದದ್ದು ಅಲ್ಲಿಂದಲೇ. ಒಂದರ ಭಾಷೆ ಮಾಡ್‌ಬಸ್, ಇನ್ನೊಂದರದು ಡಿ.ಎನ್.ಪಿ.3, ಮತ್ತೊಂದರದು ಆ ಕಂಪನಿಗೆ ಮಾತ್ರ ಗೊತ್ತಿರುವ ಗುಟ್ಟಿನ ಭಾಷೆ. ನಡುವೆ ದುಭಾಷಿಯ ಹಾಗೆ ಒಂದು ಪೆಟ್ಟಿಗೆ ಇಡಬೇಕು. ಅದಕ್ಕೆ ಬೇರೆ ದುಡ್ಡು, ಅದು ಕೆಟ್ಟರೆ ಬೇರೆ ಮೆಕ್ಯಾನಿಕ್ಕು.

ಇದು ನಮಗೆ ಹೊಸ ಕಷ್ಟವೇನಲ್ಲ. ನಮ್ಮ ಸಂಘದಲ್ಲೇ ತೂಕದ ಯಂತ್ರ, ಫ್ಯಾಟ್ ನೋಡುವ ಯಂತ್ರ, ಕಂಪ್ಯೂಟರ್ ಮೂರನ್ನೂ ಒಂದೇ ಕಂಪನಿಯವರು ಕೊಟ್ಟಿದ್ದರು. ತೂಕದ ಯಂತ್ರ ಕೆಟ್ಟಾಗ ಪೇಟೆಯಿಂದ ಕಡಿಮೆ ರೇಟಿನದು ತರೋಣ ಅಂದರೆ, ಅದು ಈ ಕಂಪ್ಯೂಟರ್ ಜೊತೆ ಮಾತಾಡಲ್ಲ ಅಂದರು. ಅವರು ಹೇಳಿದ ರೇಟನ್ನೇ ಕೊಟ್ಟು, ಅವರ ಮೆಕ್ಯಾನಿಕ್ ಬರುವ ತನಕ ಹನ್ನೊಂದು ದಿವಸ ಪುಸ್ತಕದಲ್ಲಿ ಬರೆದುಕೊಂಡು ಹಾಲು ಹಾಕಿಸಿಕೊಂಡದ್ದು ತಾಯಂದಿರಿಗೆ ನೆನಪಿರಬಹುದು. ಸ್ಟೇಷನ್ನಿನಲ್ಲೂ ಇದೇ ಕಥೆ, ಬಿಲ್ಲಿನಲ್ಲಿ ಸೊನ್ನೆ ಮಾತ್ರ ಜಾಸ್ತಿ.

ಇದಕ್ಕೆ ಪರಿಹಾರವಾಗಿ ಬಂದದ್ದೇ ಐ.ಇ.ಸಿ. 61850 ಎನ್ನುವ ಸ್ಟ್ಯಾಂಡರ್ಡು. ಐ.ಇ.ಸಿ. ಅಂದರೆ 1906ರಲ್ಲಿ ಹುಟ್ಟಿದ, ಈಗ ಜಿನೀವಾದಲ್ಲಿರುವ ಅಂತಾರಾಷ್ಟ್ರೀಯ ವಿದ್ಯುತ್ ಮಾನಕ ಸಂಸ್ಥೆ. 1990ರ ದಶಕದಲ್ಲಿ ಅಮೆರಿಕದ ಇ.ಪಿ.ಆರ್.ಐ. ಎಂಬ ಸಂಶೋಧನಾ ಸಂಸ್ಥೆ ಯು.ಸಿ.ಎ. ಹೆಸರಿನಲ್ಲಿ ಒಂದು ಭಾಷೆ ಕಟ್ಟುತ್ತಿತ್ತು, ಈ ಕಡೆ ಐ.ಇ.ಸಿ.ಯವರು ಇನ್ನೊಂದು. ಎರಡು ಭಾಷೆ ಆದರೆ ಪುನಃ ಅದೇ ಜಗಳ ಅಂತ 1997ರಲ್ಲಿ ಇಬ್ಬರೂ ಸೇರಿ ಒಂದನ್ನೇ ಮಾಡಲು ಒಪ್ಪಿದರು. 2002ರಿಂದ 2005ರೊಳಗೆ ಅದರ ಮೊದಲ ಆವೃತ್ತಿಯ ಭಾಗಗಳು ಹೊರಬಂದವು. 2004ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಮೊದಲ ಸ್ಟೇಷನ್ನುಗಳು ಈ ಭಾಷೆಯಲ್ಲಿ ಮಾತಾಡತೊಡಗಿದವು. ಮಾರ್ಕೆಟ್ಟಿನಲ್ಲಿ ಒಬ್ಬರ ಮುಖ ಒಬ್ಬರು ನೋಡದ ಕಂಪನಿಗಳ ಇಂಜಿನಿಯರುಗಳೇ ಒಂದೇ ಮೇಜಿನ ಸುತ್ತ ಕೂತು ಇದನ್ನು ಬರೆದರು ಅನ್ನೋದು ಸಹಕಾರಿಗಳಾದ ನಮಗೆ ಖುಷಿ ಕೊಡುವ ಸಂಗತಿ.

ಇದರ ಒಳಗುಟ್ಟು ಏನಪ್ಪಾ ಅಂದ್ರೆ, ನಮ್ಮ ಪಹಣಿ ಇದ್ದ ಹಾಗೆ. ಬೀದರಿನ ಪಹಣಿ ಆಗಲಿ, ಚಾಮರಾಜನಗರದ್ದಾಗಲಿ, 9ನೇ ಕಾಲಂ ನೋಡಿದರೆ ಸ್ವಾಧೀನದಾರರ ಹೆಸರು, 11ನೇ ಕಾಲಂ ನೋಡಿದರೆ ಸಾಲ. ಬ್ಯಾಂಕಿನ ಮ್ಯಾನೇಜರ್ ಯಾವ ಊರಿಂದ ವರ್ಗವಾಗಿ ಬಂದಿದ್ದರೂ 'ಸಾಲ ಎಲ್ಲಿ ಬರೆದಿದೆ' ಅಂತ ಕೇಳಲ್ಲ. ಹಾಗೇ ಈ ಸ್ಟ್ಯಾಂಡರ್ಡಿನಲ್ಲಿ ಬ್ರೇಕರಿಗೆ ಎಕ್ಸ್.ಸಿ.ಬಿ.ಆರ್. ಅಂತಲೇ ಹೆಸರು, ಹೆಚ್ಚಿನ ಕರೆಂಟು ಕಾಯುವ ಕೆಲಸಕ್ಕೆ ಪಿ.ಟಿ.ಓ.ಸಿ., ವೋಲ್ಟೇಜು, ಕರೆಂಟು ಅಳೆಯುವುದಕ್ಕೆ ಎಂ.ಎಂ.ಎಕ್ಸ್.ಯು. ಯಾವ ದೇಶದ ಯಾವ ಕಂಪನಿಯ ರಿಲೇ ಆದರೂ ಇದೇ. ಮೊದಲಾಗಿದ್ದರೆ '47ನೇ ನಂಬರಿನಲ್ಲಿ ಒಂದು ಅಂತ ಬಂದರೆ ಬ್ರೇಕರ್ ಹಾಕಿದೆ ಅಂತ ಅರ್ಥ' ಎಂದು ಯಾರೋ ಒಬ್ಬ ಇಂಜಿನಿಯರ್ ಡೈರಿಯಲ್ಲಿ ಬರೆದಿಟ್ಟುಕೊಂಡಿರಬೇಕಿತ್ತು. ಅವರು ವರ್ಗವಾದರೆ ಡೈರಿಯೂ ವರ್ಗ. ಈಗ ಪ್ರತಿ ರಿಲೇಯೂ ತನ್ನ ಜಾತಕವನ್ನು ಒಂದು ಫೈಲಿನಲ್ಲಿ ತಾನೇ ತರ್ತದೆ. ಎಲ್ಲಾ ಜಾತಕ ಸೇರಿಸಿ, ಯಾರು ಯಾರ ಜೊತೆ ಏನು ಮಾತಾಡಬೇಕು ಅಂತ ಬರೆದು ಇಡೀ ಸ್ಟೇಷನ್ನಿಗೆ ಒಂದು ಫೈಲು ಮಾಡ್ತಾರೆ. ಅದಕ್ಕೆ ಎಸ್.ಸಿ.ಡಿ. ಫೈಲ್ ಅಂತ ಹೆಸರು. ಈ ಹೆಸರನ್ನು ದಯವಿಟ್ಟು ಜ್ಞಾಪಕ ಇಟ್ಟುಕೊಳ್ಳಿ, ಮುಂದೆ ಬೇಕಾಗ್ತದೆ.

ಈಗ ತಂತಿಯ ವಿಷಯ. ಹಳೇ ಸ್ಟೇಷನ್ನಿನಲ್ಲಿ ಒಂದೊಂದು ಸಂಗತಿ ತಿಳಿಸೋದಕ್ಕೂ ಒಂದೊಂದು ಜೊತೆ ತಾಮ್ರದ ತಂತಿ. ಅಂಗಳದಿಂದ ಕಂಟ್ರೋಲ್ ರೂಮಿನ ತನಕ ಚರಂಡಿಯಂಥ ಟ್ರೆಂಚು, ಅದರ ತುಂಬ ಕೇಬಲ್ಲು. ಅಲ್ಲಿ ಇಲಿ, ಹೆಗ್ಗಣದ ಕಾರುಬಾರು. ಒಂದು ತಂತಿಯನ್ನು ಇಲಿ ಕಡಿದರೆ ಅವತ್ತು ಯಾರಿಗೂ ಗೊತ್ತಾಗಲ್ಲ. ಮುಂದೆ ಎಂದೋ ಲೈನಿನಲ್ಲಿ ಫಾಲ್ಟ್ ಆಗಿ ರಿಲೇ ಅಪ್ಪಣೆ ಕೊಟ್ಟ ದಿವಸ, ಅಪ್ಪಣೆ ಬ್ರೇಕರಿಗೆ ಮುಟ್ಟದೇ ಇದ್ದಾಗಲೇ ಗೊತ್ತಾಗೋದು. ಅಷ್ಟರಲ್ಲಿ ಟ್ರಾನ್ಸ್‌ಫಾರ್ಮರಿಗೆ ಏಟು ಬಿದ್ದಿರ್ತದೆ.

ಹೊಸ ಪದ್ಧತಿಯಲ್ಲಿ ಈ ಮಾತುಕತೆ ಕೂದಲಿನಷ್ಟು ಸಣ್ಣ ಗಾಜಿನ ಎಳೆಯಲ್ಲಿ, ಅಂದರೆ ಫೈಬರಿನಲ್ಲಿ ನಡೀತದೆ. ತುರ್ತು ಸುದ್ದಿಗೆ ಗೂಸ್ ಅಂತ ಹೆಸರು. ಇಂಗ್ಲಿಷಿನಲ್ಲಿ ಹೆಬ್ಬಾತಿಗೂ ಅದೇ ಹೆಸರಂತೆ, ಸಾಹೇಬರು ಹೇಳಿದಾಗ ನಾವೂ ನಕ್ಕೆವು. ಆದರೆ ಅದರ ಕೆಲಸ ನಗುವಂಥದ್ದಲ್ಲ. ಕರೆಂಟಿನ ಒಂದು ಆವರ್ತ ಮುಗಿಯಲು 20 ಮಿಲಿಸೆಕೆಂಡು ಬೇಕು, ಅಂದರೆ ಸೆಕೆಂಡಿನ ಐವತ್ತನೇ ಒಂದು ಭಾಗ. ಟ್ರಿಪ್ ಮಾಡುವ ಸುದ್ದಿ ಒಂದು ರಿಲೇಯಿಂದ ಇನ್ನೊಂದಕ್ಕೆ 3 ಮಿಲಿಸೆಕೆಂಡಿನಲ್ಲಿ ಮುಟ್ಟಬೇಕು ಅಂತ ಸ್ಟ್ಯಾಂಡರ್ಡಿನ ಬಿಗಿಯಾದ ದರ್ಜೆಯಲ್ಲಿ ಬರೆದಿದ್ದಾರೆ. ಒಂದು ಫೀಡರಿನ ಬ್ರೇಕರ್ ಸಿಕ್ಕಿಕೊಂಡು ತೆರೆಯದೇ ಇದ್ದರೆ, ಅದರ ರಿಲೇ ಹಿಂದಿನ ಬ್ರೇಕರಿಗೆ 'ನೀನಾದರೂ ಬಿಡಪ್ಪ' ಅಂತ ಕೂಗೋದು ಈ ಗೂಸ್ ಮೂಲಕವೇ.

ನಮಗೆ ಬಹಳ ಹಿಡಿಸಿದ ಸಂಗತಿ ಇನ್ನೊಂದಿದೆ. ಗೂಸ್ ಒಂದೇ ಸಲ ಹೇಳಿ ಸುಮ್ಮನಾಗಲ್ಲ. ಮೊದಲು ಬೇಗಬೇಗ ನಾಲ್ಕಾರು ಸಲ ಹೇಳಿ, ಆಮೇಲೆ ಬಿಡುವು ಕೊಟ್ಟು ಕೊಟ್ಟು ಹೇಳ್ತಾನೇ ಇರ್ತದೆ. ಏನೂ ಆಗದೇ ಇದ್ದಾಗಲೂ 'ಇದ್ದೀನಿ, ಎಲ್ಲ ಸರಿ ಇದೆ' ಅಂತ ನಿಗದಿಯಾದ ಹೊತ್ತಿಗೆ ಕೂಗ್ತದೆ. ರಾತ್ರಿ ಹೊಲ ಕಾಯುವಾಗ ಈ ಅಟ್ಟಣೆಯವನು ಆ ಅಟ್ಟಣೆಯವನಿಗೆ ಕೂ ಹಾಕಲ್ವೇ, ಹಾಗೆ. ಕೂಗು ಕೇಳಲಿಲ್ಲ ಅಂದರೆ ಎಳೆ ತುಂಡಾಗಿದೆ ಅಂತ ಆ ಕ್ಷಣವೇ ಅಲಾರಂ. ತಾಮ್ರದ ತಂತಿಯಲ್ಲಿ ಮೌನ ಅಂದರೆ ಕ್ಷೇಮವೋ ಸಾವೋ ಗೊತ್ತಾಗುತ್ತಿರಲಿಲ್ಲ.

ಎರಡನೇ ಪ್ರಯೋಜನ ದಾಖಲೆ. ಕೆಲವು ವರ್ಷದ ಹಿಂದೆ ನಮ್ಮ ಸದಸ್ಯರೊಬ್ಬರ ಎರಡು ಎಚ್.ಎಫ್. ಹಸು ತುಂಡಾಗಿ ಬಿದ್ದ ತಂತಿ ತುಳಿದು ಸತ್ತವು. ಲೈನು ಒಂದು ಸಲ ಟ್ರಿಪ್ ಆಗಿತ್ತು, ಮತ್ತೆ ಹಾಕಿದರು, ಆಮೇಲೆ ಹಸು ಸತ್ತದ್ದು ಅಂತ ಅಕ್ಕಪಕ್ಕದವರು ಹೇಳಿದರು. ಲಾಗ್ ಬುಕ್ಕಿನಲ್ಲಿ ಒಂದು ಟೈಮು, ರಿಲೇಯೊಳಗೆ ಒಂದು ಟೈಮು, ಲೈನ್‌ಮ್ಯಾನ್ ಹೇಳಿದ್ದು ಇನ್ನೊಂದು. ಪರಿಹಾರದ ಕಡತ ಕಚೇರಿಯಿಂದ ಕಚೇರಿಗೆ ಎರಡು ವರ್ಷ ತಿರುಗಿತು. ಹಾಲು ಮಾರಿ ಜೀವನ ಮಾಡುವ ಹೆಣ್ಣುಮಗಳು ಆಕೆ. ಹೊಸ ಪದ್ಧತಿಯಲ್ಲಿ ಸ್ಟೇಷನ್ನಿನ ಎಲ್ಲಾ ಯಂತ್ರಗಳ ಗಡಿಯಾರವನ್ನೂ ಉಪಗ್ರಹದ ಸಮಯಕ್ಕೆ ಹೊಂದಿಸಿಡುತ್ತಾರೆ. ಬ್ರೇಕರ್ ಯಾವಾಗ ಬಿಟ್ಟಿತು, ಯಾವಾಗ ಹಾಕಿದರು ಅನ್ನೋದಕ್ಕೆಲ್ಲ ಮಿಲಿಸೆಕೆಂಡಿನ ಲೆಕ್ಕದಲ್ಲಿ ಮೊಹರು ಬೀಳ್ತದೆ. ಇದು ಬಡವರಿಗೆ ಮಾತ್ರ ಬೇಕಾದ್ದಲ್ಲ. 2003ರ ಆಗಸ್ಟ್ 14ರಂದು ಅಮೆರಿಕ, ಕೆನಡಾದಲ್ಲಿ ಸುಮಾರು 5 ಕೋಟಿ ಜನರಿಗೆ ಕರೆಂಟು ಹೋದಾಗ, ಯಾವುದು ಮೊದಲು ಬಿತ್ತು, ಯಾವುದು ಆಮೇಲೆ ಅಂತ ಜೋಡಿಸಲು ತನಿಖೆಯವರು ಪಡಿಪಾಟಲು ಪಟ್ಟರು. ಅಲ್ಲೂ ಒಂದೊಂದು ಕಡೆಯ ಗಡಿಯಾರ ಒಂದೊಂದು ಥರ ಓಡ್ತಿತ್ತು.

ನಮ್ಮ ದೇಶದಲ್ಲೂ ಇದು ಬಂದು ಬಹಳ ಕಾಲವಾಯಿತು. ಪಂಜಾಬಿನ ಮಾಲೇರ್‌ಕೋಟ್ಲಾದಲ್ಲಿ ಪವರ್‌ಗ್ರಿಡ್‌ನವರು ತಮ್ಮ ಹಳೇ 400 ಕೆ.ವಿ. ಸ್ಟೇಷನ್ನನ್ನು 2020ರಲ್ಲಿ ಪೂರ್ತಿ ಈ ಪದ್ಧತಿಗೆ ಬದಲಾಯಿಸಿದರು. ಅಲ್ಲಿ ಕರೆಂಟು, ವೋಲ್ಟೇಜಿನ ಅಳತೆಯೂ ಫೈಬರಿನಲ್ಲೇ ಬರ್ತದೆ. 50 ಆವರ್ತದ ನಮ್ಮ ಕರೆಂಟಿನಲ್ಲಿ ರಕ್ಷಣೆಯ ಕೆಲಸಕ್ಕೆ ಸಾಮಾನ್ಯವಾಗಿ ಸೆಕೆಂಡಿಗೆ 4000 ಸಲ ಅಳೆದು ಕಳಿಸ್ತಾರಂತೆ.

ಇಷ್ಟೆಲ್ಲ ಹೊಗಳಿದೆವು ಅಂತ ಇದು ಬಂದ ತಕ್ಷಣ ಕರೆಂಟು ಜಾಸ್ತಿ ಬರ್ತದೆ ಅಂತ ಯಾರೂ ತಿಳೀಬಾರದು. ಓವರ್‌ಲೋಡ್ ಆದ ಟಿ.ಸಿ. ಸುಡೋದು ಸುಡ್ತದೆ, ಜೋತುಬಿದ್ದ ತಂತಿ ಜೋತೇ ಇರ್ತದೆ. ಒಣ ನೆಲದ ಮೇಲೆ ತಂತಿ ಬಿದ್ದರೆ ಹರಿಯುವ ಕರೆಂಟು ಬಹಳ ಕಡಿಮೆ, ಅದನ್ನು ಪತ್ತೆ ಮಾಡೋದು ಎಷ್ಟು ಜಾಣ ರಿಲೇಗೂ ಕಷ್ಟ. ಲೈನು ರಿಪೇರಿಗೆ ಜನವೇ ಬೇಕು. ಭಾಷೆ ಒಂದೇ ಆದರೂ ಒಂದೊಂದು ಕಂಪನಿಯ ರಿಲೇ ಹೊಂದಿಸುವ ಸಾಫ್ಟ್‌ವೇರ್ ಇನ್ನೂ ಬೇರೆ ಬೇರೆಯೇ ಇದೆ. ಎರಡು ಕಂಪನಿಯದು ಕೂಡಿಸುವಾಗ ಬೆವರು ಇಳೀತದೆ ಅಂತ ಹುಡುಗರೇ ಹೇಳಿದರು.

ಇನ್ನು ಕಳ್ಳರ ಭಯ. ಎಲ್ಲವೂ ಕಂಪ್ಯೂಟರ್ ಜಾಲದಲ್ಲಿ ಬಂದ ಮೇಲೆ ಕಳ್ಳರೂ ಅದೇ ದಾರಿಯಲ್ಲಿ ಬರ್ತಾರೆ. ಉಕ್ರೇನ್ ದೇಶದಲ್ಲಿ 2015ರ ಡಿಸೆಂಬರ್ 23ರಂದು ದೂರದಿಂದಲೇ ಕಂಪ್ಯೂಟರಿಗೆ ನುಗ್ಗಿ ಬ್ರೇಕರುಗಳನ್ನು ತೆರೆದರು. ಸುಮಾರು 2 ಲಕ್ಷ 25 ಸಾವಿರ ಗ್ರಾಹಕರಿಗೆ ಕರೆಂಟು ಹೋಯಿತು. ಕೆಲವೇ ಗಂಟೆಗಳಲ್ಲಿ ವಾಪಸ್ ಬಂದದ್ದು ಹೇಗೆ ಅಂದರೆ, ಸಿಬ್ಬಂದಿ ಜೀಪು ಹತ್ತಿ ಸ್ಟೇಷನ್ನುಗಳಿಗೆ ಹೋಗಿ ಕೈಯಲ್ಲೇ ಹಾಕಿದರು. ಮರುವರ್ಷ ಡಿಸೆಂಬರಿನಲ್ಲಿ ರಾಜಧಾನಿ ಕೀವ್ ಹತ್ತಿರದ ಸ್ಟೇಷನ್ನಿಗೆ ಬಿಟ್ಟ ದುಷ್ಟ ಪ್ರೋಗ್ರಾಮಿಗೆ ಈ 61850 ಭಾಷೆಯೂ ಬರುತ್ತಿತ್ತು. ಭಾಷೆ ಎಲ್ಲರದೂ ಆದಾಗ ಕಳ್ಳನೂ ಕಲೀತಾನೆ. ಬೀಗ ಹಾಕುವ ಕ್ರಮಕ್ಕೆ ಐ.ಇ.ಸಿ. 62351 ಅಂತ ಬೇರೊಂದು ಸ್ಟ್ಯಾಂಡರ್ಡೇ ಇದೆ, ಅದನ್ನೂ ಕೇಳಿ ಹಾಕಿಸಬೇಕು.

ಆದ್ದರಿಂದ ನಮ್ಮ ಸಂಘದಿಂದ ಒಂದು ಮನವಿ ತಯಾರು ಮಾಡಿದ್ದೇವೆ. ಮುಖ್ಯವಾದದ್ದು ಆಗಲೇ ಹೇಳಿದ ಎಸ್.ಸಿ.ಡಿ. ಫೈಲು. ಕಂಟ್ರಾಕ್ಟರು ಕೆಲಸ ಮುಗಿಸಿ, ಫೈಲನ್ನೂ ಪಾಸ್‌ವರ್ಡನ್ನೂ ತನ್ನ ಲ್ಯಾಪ್‌ಟಾಪಿನಲ್ಲೇ ಇಟ್ಟುಕೊಂಡು ಹೊರಟುಹೋದರೆ, ಮನೆ ಕಟ್ಟಿದ ಮೇಸ್ತ್ರಿ ಬೀಗದ ಕೈ ಜೇಬಿನಲ್ಲಿಟ್ಟುಕೊಂಡು ಹೋದ ಹಾಗೆ. ಸ್ಟ್ಯಾಂಡರ್ಡ್ ಇದ್ದೂ ನಾವು ಪುನಃ ಅವರ ಬಾಗಿಲಿಗೇ ಹೋಗಬೇಕು. ಕೊನೇ ಬಿಲ್ಲು ಕೊಡುವ ಮೊದಲು ಅದು ಇಲಾಖೆಯ ಕೈಗೆ ಬರಬೇಕು ಅಂತ ಬರೆದಿದ್ದೇವೆ. ಕೂರಿಸುವ ಮೊದಲೇ ಬೇರೆ ಕಂಪನಿಯ ಒಂದು ರಿಲೇಯನ್ನಾದರೂ ಜೋಡಿಸಿ ಮಾತಾಡಿಸಿ ತೋರಿಸಬೇಕು ಅಂತಲೂ ಇದೆ. ಕೈಯಲ್ಲಿ ಬ್ರೇಕರ್ ಹಾಕುವ ಅಭ್ಯಾಸ ತಪ್ಪಬಾರದು, ಈಗ ಕಂಟ್ರಾಕ್ಟಿನ ಮೇಲೆ ದುಡಿಯುತ್ತಿರುವ ಆಪರೇಟರ್ ಹುಡುಗರನ್ನು ಮನೆಗೆ ಕಳಿಸದೆ ಅವರಿಗೇ ತರಬೇತಿ ಕೊಡಬೇಕು ಅಂತ ಕೇಳಿದ್ದೇವೆ. ದೂರದಿಂದ ಸ್ಟೇಷನ್ ನಡೆಸಬಹುದು ಅನ್ನುವ ಮಾತು ಕೇಳಿದಾಗಿನಿಂದ ಆ ಹುಡುಗರ ಮುಖದಲ್ಲಿ ಕಳೆ ಇಲ್ಲ, ಅದು ನಮಗೆ ಕಾಣ್ತಾ ಇದೆ.

ಮನವಿ ಪತ್ರ ಕಾರ್ಯದರ್ಶಿಗಳ ಮೇಜಿನ ಮೇಲಿದೆ. ಊಟಕ್ಕೆ ಏಳುವ ಮೊದಲು ಸದಸ್ಯರು ಸಹಿ ಮಾಡಬೇಕು, ಹೆಬ್ಬೆಟ್ಟಿನವರಿಗೆ ಇಂಕು ಪ್ಯಾಡೂ ಇಟ್ಟಿದ್ದೇವೆ. 

ಜೈ ಹಿಂದ್, ಜೈ ಕರ್ನಾಟಕ, ಜೈ ಸಹಕಾರ.